ರೊಟ್ಟಿ ಉಬ್ಬುವ ಗಳಿಗೆಯಿಂದ ಶುರು ಮಾಡು

ಗಂಗಾವತಿ

ಚಿ. ಸೌ. ಗಿರಿಜಾಳಿಗೆ ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕೊಪ್ಪಳದಿಂದ ಬಸ್ಸಿಗೆ ಹಾಕಿಸಿದ ಖಡಕ್ ರೊಟ್ಟಿಯ ಕಟ್ಟು ಮತ್ತು ಗುರೆಳ್ಳು ಹಿಂಡಿ ಮೊನ್ನೆ ಮುಟ್ಟಿದವು. ನಮ್ಮ ಮನೆಯಾಕೆ ಹಿಂಡಿಯನ್ನು ಆಗಲೇ ಅರ್ಧ ಖಾಲಿ ಮಾಡಿದ್ದಾಳೆ. ನಿನ್ನ ರೊಟ್ಟಿ ವ್ಯಾಪಾರಕ್ಕೆಂದು ತೆಗೆದು ವಾಟ್ಸಾಪಿನಲ್ಲಿ ಕಳಿಸಿದ ಹನ್ನೊಂದು ಚಿಕ್ಕ ವಿಡಿಯೊಗಳನ್ನೂ, "ಮಾಮಾ, ಇವು ಯಾಕ ಮುನ್ನೂರು ಮಂದೀನ ದಾಟವಲ್ಲವು?" ಎಂದು ನೀನು ಕೇಳಿದ್ದನ್ನೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿನಗೆ, ಅರ್ಧ ಮಾತು ಮಿಕ್ಸರಿನ ಸಪ್ಪಳಕ್ಕೆ ಹೋಗುತ್ತದೆ ಎಂದು ಕುಳಿತು ಬರೆಯುತ್ತಿದ್ದೇನೆ.

ಸ್ಟುಡಿಯೊ ಇಟ್ಟ ಹೊಸತರಲ್ಲಿ ನಾನು ಮದುವೆಯ ವಿಡಿಯೊ ಕ್ಯಾಸೆಟ್‌ಗಳನ್ನು ಮಾಡುತ್ತಿದ್ದುದು ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ಪ್ರತಿ ಕ್ಯಾಸೆಟ್ಟಿನ ಮೊದಲ ನಾಲ್ಕು ನಿಮಿಷ ಗಣಪತಿ, ಅರಳುವ ಗುಲಾಬಿ, ತಿರುತಿರುಗಿ ಬರುವ ಎರಡೂ ಮನೆತನದವರ ಹೆಸರು. ಆ ಗುಲಾಬಿಯನ್ನು ಅರಳಿಸಲು ನಾನು ಎರಡು ರಾತ್ರಿ ನಿದ್ದೆಗೆಟ್ಟಿರುತ್ತಿದ್ದೆ. ಬೀಗರು ಬಂದು ಸ್ಟುಡಿಯೊದಲ್ಲೇ ಕುಳಿತು ಕ್ಯಾಸೆಟ್ ನೋಡುವಾಗ ಮಾಡುತ್ತಿದ್ದ ಮೊದಲ ಕೆಲಸವೆಂದರೆ ರಿಮೋಟ್ ಕಸಿದುಕೊಂಡು ಗುಲಾಬಿಯನ್ನು ಓಡಿಸುವುದು. ತಮ್ಮ ಮುಖ ಬಂದಲ್ಲಿ ನಿಲ್ಲಿಸುತ್ತಿದ್ದರು, ಅಕ್ಷತೆ ಬೀಳುವಲ್ಲಿ ನಿಲ್ಲಿಸುತ್ತಿದ್ದರು, ಹೆಣ್ಣು ಒಪ್ಪಿಸಿಕೊಡುವಲ್ಲಿ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ದಾಟುತ್ತಾರೆ ಎಂಬುದನ್ನು ನಾನು ಕಲಿತದ್ದು ಅವರ ಬೆನ್ನ ಹಿಂದೆ ನಿಂತು. ಆ ರಿಮೋಟ್ ಈಗ ನೋಡುಗನ ಹೆಬ್ಬೆರಳಾಗಿದೆ, ಅಷ್ಟೇ.

ಈಗ ನಿನ್ನ ಮೊದಲನೆಯ ವಿಡಿಯೊಕ್ಕೆ ಬರುತ್ತೇನೆ. ಅದು 58 ಸೆಕೆಂಡಿನದು. ಮೊದಲ ಒಂಬತ್ತು ಸೆಕೆಂಡು ನಿನ್ನ ಹೆಸರಿನ ಲೋಗೊ, ಸಿನಿಮಾ ಹಾಡು, "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್ಲಿಗೆ ಸ್ವಾಗತ" ಎಂಬ ಮಾತು. ಇದು ನನ್ನ ಗುಲಾಬಿಯೇ. ಆಮೇಲೆ ಹಿಟ್ಟು, ಎಸರು, ನಾದುವುದು, ಬಡಿಯುವುದು ಎಲ್ಲ ಮುಗಿದು 41ನೆಯ ಸೆಕೆಂಡಿಗೆ ಹಂಚಿನ ಮೇಲಿನ ರೊಟ್ಟಿ ಪುಗ್ಗದಂತೆ ಉಬ್ಬುತ್ತದೆ. ಎಷ್ಟು ಚೆಂದದ ಗಳಿಗೆ ಅದು! ಆದರೆ ಅಲ್ಲಿಯವರೆಗೆ ಕುಳಿತವರು ನಾನು, ನಿನ್ನ ಅವ್ವ ಮತ್ತು ಇನ್ನಿಬ್ಬರು ಬಂಧುಗಳು ಮಾತ್ರ ಇರಬೇಕು. ಅಪರಿಚಿತನೊಬ್ಬ ನಿನಗೆ ಕೊಡುವುದು ಎರಡು, ಹೆಚ್ಚೆಂದರೆ ಮೂರು ಸೆಕೆಂಡು. ಆದ್ದರಿಂದ ವಿಡಿಯೊ ತೆರೆದುಕೊಳ್ಳುವುದೇ ಉಬ್ಬುತ್ತಿರುವ ರೊಟ್ಟಿಯಿಂದ ಆಗಲಿ. ಉಬ್ಬಿದ್ದನ್ನು ಕಂಡವನಿಗೆ ಅದು ಹೇಗೆ ಉಬ್ಬಿತು ಎಂದು ತಿಳಿಯುವ ಆಸೆ ಹುಟ್ಟುತ್ತದೆ. ಹಿಟ್ಟಿನಿಂದ ಶುರು ಮಾಡಿದರೆ ಅವನಿಗೆ ಕಾಣುವುದು ಹಿಟ್ಟು ಮಾತ್ರ. ಕೊನೆಯ ಚಿತ್ರವನ್ನೂ ಮತ್ತೊಂದು ರೊಟ್ಟಿ ಹಂಚಿಗೆ ಬೀಳುವಲ್ಲಿ ಕತ್ತರಿಸಿದರೆ ಅದು ಮೊದಲ ಚಿತ್ರಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಮುಗಿದದ್ದೇ ತಿಳಿಯದೆ ಜನ ಎರಡನೆಯ ಸುತ್ತು ನೋಡುತ್ತಾರೆ.

ಇನ್‌ಸ್ಟಾಗ್ರಾಮ್, ಯೂಟ್ಯೂಬಿನಂಥ ಆ್ಯಪ್‌ಗಳು ವಿಡಿಯೊವನ್ನು ಮೊದಲು ಸ್ವಲ್ಪ ಜನರ ಮುಂದೆ ಇಟ್ಟು ಅವರು ನಿಂತರೋ ದಾಟಿದರೋ ನೋಡುತ್ತವೆ. ನಿಂತವರು ಹೆಚ್ಚಿದ್ದರೆ ಇನ್ನಷ್ಟು ಜನರ ಮುಂದೆ ಇಡುತ್ತವೆ. ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ತಾವು ಮುಖ್ಯವಾಗಿ ಗಮನಿಸುವ ಸಂಗತಿಗಳು ಮೂರು ಎಂದು ಬಹಿರಂಗವಾಗಿಯೇ ಹೇಳಿದರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ನಿನ್ನನ್ನು ಈಗಾಗಲೇ ಹಿಂಬಾಲಿಸುವವರ ನಡುವೆ ಲೈಕಿಗೆ ತೂಕ ಹೆಚ್ಚು; ನಿನ್ನ ಹೆಸರನ್ನೇ ಕೇಳದವರನ್ನು ಮುಟ್ಟಬೇಕಾದರೆ ಕಳಿಸುವುದಕ್ಕೆ ತೂಕ ಹೆಚ್ಚು. ನೀನು ಕೇಳಿದ ಪ್ರಶ್ನೆಗೆ ಉತ್ತರ ಈ ಕೊನೆಯ ಮಾತಿನಲ್ಲಿದೆ.

ನಿನ್ನ ಹನ್ನೊಂದರಲ್ಲಿ ಒಂದು ಮಾತ್ರ ನಾಲ್ಕು ಸಾವಿರ ದಾಟಿದೆಯಲ್ಲ, ಬೆಂಗಳೂರಿನ ಹಾಸ್ಟೆಲ್ಲಿಗೆ ಹೋಗುವ ಹುಡುಗನಿಗೆ ರೊಟ್ಟಿ ಮುರಿಯದಂತೆ ಡಬ್ಬಿಯಲ್ಲಿ ಜೋಡಿಸುವುದು, ಅದನ್ನು ಇನ್ನೊಮ್ಮೆ ನೋಡು. ಬೆಳಕು ಸರಿಯಿಲ್ಲ, ಫೋನು ನಡುಗಿದೆ, ನಿಮ್ಮ ಅತ್ತೆಯವರು ನಡುವೆ ಕೆಮ್ಮಿದ್ದಾರೆ. ಆದರೂ ಅದು ಓಡಿತು; ಏಕೆಂದರೆ ಹಾಸ್ಟೆಲ್ಲಿನ ಹುಡುಗ ಅದನ್ನು ತನ್ನ ಅವ್ವನಿಗೆ ಕಳಿಸಿದ, ಅವಳು ತನ್ನ ತಂಗಿಗೆ ಕಳಿಸಿದಳು. ಇನ್ನು ಮುಂದೆ ಪ್ರತಿ ವಿಡಿಯೊ ತೆಗೆಯುವ ಮೊದಲು, ಇದನ್ನು ಯಾರು ಯಾರಿಗೆ ಕಳಿಸುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದಿಡು. "ಎಲ್ಲರೂ ಎಲ್ಲರಿಗೂ" ಎಂದು ಬರೆಯುವಂತಾದರೆ ಆ ದಿನ ತೆಗೆಯಬೇಡ. ಪುಣೆಗೆ ಲಗ್ನವಾಗಿ ಹೋದವಳ ರೊಟ್ಟಿಯ ಅಂಚು ದಿನವೂ ಸೀಳುತ್ತದೆ ಎಂದಿಟ್ಟುಕೋ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗಲೇ ಹಿಟ್ಟಿಗೆ ಜಿಗುಟು ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಅದೂ ಬರುವುದಿಲ್ಲ. ಇಷ್ಟನ್ನು ಮೂವತ್ತು ಸೆಕೆಂಡಿನಲ್ಲಿ ಹೇಳು: ಒಂದು ಪರಾತದಲ್ಲಿ ತಣ್ಣೀರಿನ ಹಿಟ್ಟು, ಪಕ್ಕದಲ್ಲಿ ಎಸರಿನ ಹಿಟ್ಟು, ಎರಡನ್ನೂ ಬಡಿದು ತೋರಿಸು. ಕೊಪ್ಪಳದಲ್ಲಿರುವ ಅವಳ ಅಕ್ಕ ಅದನ್ನು ಪುಣೆಗೆ ಕಳಿಸದೆ ಬಿಡುವುದಿಲ್ಲ.

ತೆಗೆಯುವ ಬಗೆಯಲ್ಲಿ ನಿನಗೆ ಬೇಕಾದದ್ದು ಹೊಸ ಫೋನಲ್ಲ, ಒಂದು ತುಂಡು ಹತ್ತಿಯ ಅರಿವೆ. ನಿನ್ನ ಲೆನ್ಸಿನ ಮೇಲೆ ಎಣ್ಣೆ ಮತ್ತು ಹಿಟ್ಟಿನ ಪದರವಿದೆ. ಅದಕ್ಕೇ ಎಲ್ಲ ಚಿತ್ರಗಳೂ ಮಂಜಿನಲ್ಲಿ ತೆಗೆದಂತಿವೆ. ಟ್ಯೂಬ್‌ಲೈಟ್ ಆರಿಸು. ಅಡುಗೆಮನೆಯ ಪೂರ್ವದ ಕಿಟಕಿಯ ಬೆಳಕು ಪಕ್ಕದಿಂದ, ತುಸು ಹಿಂದಿನಿಂದ ಬೀಳುವಂತೆ ಹಂಚನ್ನಿಡು. ಹಿಂದೆ ಕಪ್ಪಾದ ಗೋಡೆಯಿದ್ದರೆ ರೊಟ್ಟಿಗೆ ಒದ್ದೆ ಅರಿವೆ ಸವರಿದಾಗ ಏಳುವ ಹಬೆ ಎಳೆಎಳೆಯಾಗಿ ಕಾಣುತ್ತದೆ. ಜೋಳದ ಹಿಟ್ಟು ಬಿಳಿಯಾದ್ದರಿಂದ ಫೋನು ಮೋಸಹೋಗಿ ಕೈಯನ್ನು ಕಪ್ಪು, ಹಿಟ್ಟನ್ನು ಸುಣ್ಣ ಮಾಡುತ್ತದೆ. ಪರದೆಯ ಮೇಲೆ ಹಿಟ್ಟಿರುವಲ್ಲಿ ಬೆರಳು ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಇಳಿಸಿಕೋ. ಫೋನನ್ನು ನಿಲ್ಲಿಸಿಯೇ ಹಿಡಿ, 9:16ರ ಅಳತೆಯಲ್ಲಿ, 1080 ಮತ್ತು 1920 ಪಿಕ್ಸೆಲ್ಲುಗಳಲ್ಲಿ. ಪರದೆಯ ಕೆಳಭಾಗವನ್ನು ಆ್ಯಪ್‌ನವರ ಅಕ್ಷರಗಳೂ ಬಲ ಅಂಚನ್ನು ಗುಂಡಿಗಳೂ ಮುಚ್ಚುವುದರಿಂದ ಹಂಚು ನಡುವಿಗಿಂತ ತುಸು ಮೇಲಿರಲಿ.

ಸಿನಿಮಾ ಹಾಡನ್ನು ತೆಗೆದುಹಾಕು. ವ್ಯಾಪಾರದ ಖಾತೆಗೆ ಎಲ್ಲ ಹಾಡುಗಳ ಪರವಾನಗಿ ಇರುವುದೂ ಇಲ್ಲ. ಅದು ಇರಲಿ, ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ಒಳ್ಳೆಯ ತಾಳ ಯಾವುದಿದೆ? ಫ್ಯಾನ್ ನಿಲ್ಲಿಸಿ, ಮಗುಚಿದ ಡಬ್ಬಿಗೆ ಫೋನು ಆನಿಸಿ ಹತ್ತಿರದಿಂದ ಹಿಡಿ. ಮಾತನ್ನು ಟಿವಿಯವರ ಕನ್ನಡಕ್ಕೆ ತಿರುಗಿಸುವ ಚಪಲವನ್ನೂ ಬಿಡು. ನಿಮ್ಮ ಅತ್ತೆಯವರು "ಎಸರು ಮಳ್ಳಿ ಬರಬೇಕವ್ವಾ" ಅನ್ನುವುದನ್ನು ಕೇಳಲೆಂದೇ ನಮ್ಮ ಕಡೆಯವರು ನಿಲ್ಲುತ್ತಾರೆ. ಮೈಸೂರಿನವರಿಗೆ, ಮತ್ತು ಧ್ವನಿ ಮುಚ್ಚಿ ನೋಡುವವರಿಗೆ, ಕೆಳಗೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಸಾಲು ಕೊಡು. ಯೂಟ್ಯೂಬಿನ ಚಿಕ್ಕ ವಿಡಿಯೊ ಶಾರ್ಟ್ಸ್‌ನ ಮಿತಿ 2024ರ ಅಕ್ಟೋಬರಿನಿಂದ, ಇನ್‌ಸ್ಟಾಗ್ರಾಮಿನ ರೀಲ್ಸ್‌ನದು 2025ರ ಜನವರಿಯಿಂದ ಮೂರು ನಿಮಿಷಕ್ಕೆ ಏರಿದೆಯೆಂದು ನೀನೂ ಮೂರು ನಿಮಿಷ ಎಳೆಯಬೇಕಿಲ್ಲ. ಹ್ಯಾಷ್‌ಟ್ಯಾಗ್, ಹಾಕುವ ವೇಳೆ ಇವುಗಳ ಬಗ್ಗೆ ಕೇಳಿದ್ದೀಯೆ. ಎರಡು ಮೂರು ಸರಿಯಾದ ಪದ ಸಾಕು, ಸಂಜೆ ಒಲೆ ಆರಿದ ಮೇಲೆ ನಿನಗೆ ಬಿಡುವಾದಾಗ ಹಾಕು. ವಾರಕ್ಕೆ ಮೂರಾದರೆ ಸಾಕು, ಮೂರನ್ನೂ ಒಂದೇ ಬೆಳಗ್ಗೆ ತೆಗೆದಿಡು.

ಹಾಕಿದ ಮೇಲೆ ವೀಕ್ಷಣೆಯ ಸಂಖ್ಯೆಯನ್ನೇ ದಿಟ್ಟಿಸಿ ಕೂರಬೇಡ. 2025ರ ಮಾರ್ಚ್ 31ರಿಂದ ಯೂಟ್ಯೂಬಿನಲ್ಲಿ ಶಾರ್ಟ್ಸ್ ಆಡಲು ಶುರುವಾದರೇ ಒಂದು ವೀಕ್ಷಣೆ ಎಂದು ಎಣಿಸುತ್ತಾರೆ. ಮರುಕ್ಷಣ ದಾಟಿದವನೂ ಅದರಲ್ಲಿ ಸೇರಿರುತ್ತಾನೆ. ಚಾನೆಲ್ಲಿನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊ ಎಂಬ ಆ್ಯಪ್‌ನಲ್ಲಿ ನೋಡಿದವರೆಷ್ಟು, ಸರಿಸಿ ಹೋದವರೆಷ್ಟು ಎಂಬ ಲೆಕ್ಕವೂ, ಯಾವ ಸೆಕೆಂಡಿಗೆ ಜನ ಎದ್ದುಹೋದರು ಎಂದು ತೋರಿಸುವ ಗೆರೆಯೂ ಇವೆ. ಬೀಗರ ಬೆನ್ನ ಹಿಂದೆ ನಿಂತು ನಾನು ವರ್ಷಗಟ್ಟಲೆ ಕಲಿತದ್ದನ್ನು ಆ ಗೆರೆ ನಿನಗೆ ಒಂದು ದಿನದಲ್ಲಿ ಕಲಿಸುತ್ತದೆ. ಗೆರೆ ಕುಸಿದ ಜಾಗದಲ್ಲಿ ನೀನು ಏನು ಮಾಡುತ್ತಿದ್ದೆ ಎಂದು ನೋಡಿ, ಮುಂದಿನದರಲ್ಲಿ ಅದನ್ನು ಕತ್ತರಿಸು. ಒಂದು ಆ್ಯಪ್‌ನ ಗುರುತು (ವಾಟರ್‌ಮಾರ್ಕ್) ಮೂಡಿದ ವಿಡಿಯೊವನ್ನು ಇನ್ನೊಂದು ಆ್ಯಪ್‌ನಲ್ಲಿ ಹಾಕಬೇಡ, ಅಂಥದ್ದನ್ನು ಇನ್‌ಸ್ಟಾಗ್ರಾಮ್ ಹೊಸಬರಿಗೆ ಶಿಫಾರಸು ಮಾಡುವುದಿಲ್ಲ. ಗುರುತಿಲ್ಲದ ಮೂಲಪ್ರತಿಯನ್ನು ಯಾವಾಗಲೂ ಇಟ್ಟುಕೋ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಮೂಲಪ್ರತಿಯನ್ನೂ ಇಟ್ಟುಕೊಳ್ಳದೆ, ಅಭಿಮಾನಿಗಳ ಒಂದು ನಂಬರನ್ನೂ ಬರೆದುಕೊಳ್ಳದೆ ಬರಿಗೈಯಾದ ಹುಡುಗರನ್ನು ನಾನು ನನ್ನ ಅಂಗಡಿಯ ಕಟ್ಟೆಯ ಮೇಲೆಯೇ ಕಂಡಿದ್ದೇನೆ. ರೊಟ್ಟಿ ತರಿಸಿಕೊಂಡವರ ಹೆಸರು, ಊರು, ನಂಬರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡು.

ಅಳಿಯಂದಿರು ಜಾಹೀರಾತಿನ ಹಣದ ಮಾತು ಎತ್ತಿದರಂತೆ. ಶಾರ್ಟ್ಸ್ ಮೂಲಕ ಆ ಹಣದಲ್ಲಿ ಪಾಲು ಸಿಗಬೇಕಾದರೆ ಒಂದು ಸಾವಿರ ಚಂದಾದಾರರ ಜೊತೆಗೆ 90 ದಿನಗಳಲ್ಲಿ ಒಂದು ಕೋಟಿ ಅರ್ಹ ವೀಕ್ಷಣೆಗಳು ಬೇಕು, ಅಂದರೆ ದಿನಕ್ಕೆ ಒಂದು ಲಕ್ಷದ ಮೇಲೆ. ಸಿಕ್ಕ ಮೇಲೂ ನಿನ್ನ ವೀಕ್ಷಣೆಗಳ ಪಾಲಿಗೆ ಬಂದ ಮೊತ್ತದಲ್ಲಿ ನಿನ್ನ ಕೈಗೆ ಬರುವುದು ಶೇ. 45. ನಿನ್ನ ಹಣ ರೊಟ್ಟಿಯಲ್ಲಿದೆ. ನಲವತ್ತು ಸಾವಿರ ಜನ ನೋಡಿ ನಲವತ್ತು ಕಟ್ಟು ಹೋದರೂ ನಿಮ್ಮ ಮನೆಯಲ್ಲಿ ಕೆಲಸ ಮಾಡುವ ಆ ಇಬ್ಬರು ಹೆಣ್ಣುಮಕ್ಕಳ ವಾರದ ಕೂಲಿ ಹೊರಡುತ್ತದೆ. ಆದ್ದರಿಂದ ತರಿಸಿಕೊಳ್ಳುವ ನಂಬರು ಖಾತೆಯ ಮೊದಲ ಸಾಲಿನಲ್ಲೇ ಕಾಣಲಿ. ಆದರೆ ಜೋಳದ ರೊಟ್ಟಿ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಒಂಬತ್ತನೆಯ ವಿಡಿಯೊದಲ್ಲಿ ಹೇಳಿದ್ದೀಯಲ್ಲ, ಅದನ್ನು ಇಂದೇ ಅಳಿಸು. ಅದನ್ನು ನಂಬಿ ಯಾರಾದರೂ ಗುಳಿಗೆ ಬಿಟ್ಟರೆ ನೀನು ಏನು ಮಾಡುತ್ತೀ?

ಓಡುವ ವಿಡಿಯೊ ತಂದ ಒಂದು ಪೇಚನ್ನೂ ನಿನಗೆ ಹೇಳಬೇಕು, ಇಲ್ಲಿಯವರೆಗೆ ನಿನ್ನ ಅವ್ವನಿಗೂ ಹೇಳಿಲ್ಲ. ಎರಡು ವರ್ಷದ ಹಿಂದೆ ಒಂದು ಮದುವೆಯ ಮೆರವಣಿಗೆಯಲ್ಲಿ ವರನ ಕಡೆಯ ಹಿರಿಯರೊಬ್ಬರು ಕುಣಿಯುತ್ತ ಬ್ಯಾಂಡಿನವರ ಡ್ರಮ್ಮಿನ ಮೇಲೆ ಬಿದ್ದರು. ನನ್ನ ಮಗ ಆ ಹನ್ನೆರಡು ಸೆಕೆಂಡನ್ನು ಕತ್ತರಿಸಿ ಸ್ಟುಡಿಯೊದ ಹೆಸರಿನಲ್ಲಿ ಹಾಕಿದ. ನನ್ನನ್ನು ಕೇಳಿದ್ದ, ನಾನೂ ನಕ್ಕು ಹ್ಞೂಂ ಅಂದಿದ್ದೆ. ಮೂರು ದಿನದಲ್ಲಿ ಅದು ಲಕ್ಷಗಟ್ಟಲೆ ಜನರನ್ನು ಮುಟ್ಟಿತು. ನಾಲ್ಕನೆಯ ದಿನ ಆ ಹಿರಿಯರು ಒಬ್ಬರೇ ಬಂದು, ಬೈಯಲೂ ಇಲ್ಲ, ಕುರ್ಚಿಯ ಮೇಲೆ ಕುಳಿತು "ನನ್ನ ಮೊಮ್ಮಗಳು ಸಾಲಿಗೆ ಹೋಗವಲ್ಲಳು" ಎಂದರು. ಅಳಿಸಿದೆವು, ಆದರೆ ಅಷ್ಟು ಹೊತ್ತಿಗೆ ಅದು ಎಷ್ಟು ಫೋನುಗಳಲ್ಲಿ ಉಳಿದಿತ್ತೋ. ಆ ವರ್ಷ ಅವರ ಓಣಿಯಿಂದ ಒಂದು ಮದುವೆಯ ಕೆಲಸವೂ ನನಗೆ ಬರಲಿಲ್ಲ, ಬರಬಾರದಾಗಿತ್ತು ಕೂಡ. ನಿಮ್ಮ ಅತ್ತೆಯವರು ಕೆಮ್ಮಿದ ಚಿತ್ರವನ್ನು ಹಾಕುವ ಮೊದಲು ಅವರಿಗೆ ತೋರಿಸಿದ್ದೆಯಾ?

ನಿಮ್ಮ ಕೊಪ್ಪಳದ ಮುಂದಿನ ಗವಿಸಿದ್ಧೇಶ್ವರ ಜಾತ್ರೆಗೂ ಇದೇ ಮಾತು. ಎಲ್ಲರೂ ರಥವನ್ನೂ ಜನಸಾಗರವನ್ನೂ ಎತ್ತರದಿಂದ ತೆಗೆಯುತ್ತಾರೆ, ಡ್ರೋನ್ ಇದ್ದವರ ಮುಂದೆ ನಿನ್ನ ಫೋನು ನಿಲ್ಲುವುದಿಲ್ಲ. ನೀನು ದಾಸೋಹಕ್ಕೆ ಹಳ್ಳಿಗಳಿಂದ ರೊಟ್ಟಿ ಬರುವ ಕಡೆ ಹೋಗು. ಅರಿವೆಯಲ್ಲಿ ಕಟ್ಟಿದ ಗಂಟನ್ನು ಬಿಚ್ಚುವ ಒಬ್ಬ ಮುದುಕಿಯ ಕೈಗಳನ್ನು, ಅವಳನ್ನು ಕೇಳಿ, ಹತ್ತಿರದಿಂದ ತೆಗೆ. ಆ ರೊಟ್ಟಿಗೆ ಎಷ್ಟು ನಸುಕಿಗೆ ಎದ್ದಿದ್ದಳೆಂದು ಅವಳೇ ಹೇಳಲಿ.

ಬರುವ ಗುರುವಾರ ನಾನು ಕೊಪ್ಪಳಕ್ಕೆ ಬರುತ್ತೇನೆ. ಹಳೆಯ ಟ್ರೈಪಾಡ್ ತರುತ್ತೇನೆ. ಬೆಳಕನ್ನು ತಿರುಗಿಸಲು ಬಿಳಿಯ ಥರ್ಮಾಕೋಲ್ ತುಂಡು ಅಲ್ಲೇ ಸಿಗುತ್ತದೆ. ಅಂದು ಒಲೆ ಹೊತ್ತಿಸುವುದನ್ನು ಎಂಟು ಗಂಟೆಗೆ ಇಟ್ಟುಕೋ, ಒಂಬತ್ತರ ಮೇಲೆ ಆ ಕಿಟಕಿಗೆ ಎದುರುಮನೆಯ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆ. ಹಿಟ್ಟನ್ನು ಹಿಂದಿನ ಸಂಜೆಯೇ ಬೀಸಿಸಿ ತಂದಿಡು.

ಇಂತು ನಿನ್ನ ಮಾಮ