ಬೆಂಟೊ ಡಬ್ಬಿಯಲ್ಲಿ ಪ್ಲಾಸ್ಟಿಕ್ ಹುಲ್ಲು ಇನ್ನೂ ಯಾಕೆ?

ಮಾನ್ಯ ಸಂಪಾದಕರೇ,

ಜಪಾನಿನ ಬೆಂಟೊ (ಬುತ್ತಿಯೂಟ) ಡಬ್ಬಿಯ ಫೋಟೊ ಬಂದಾಗಲೆಲ್ಲ ಅನ್ನಕ್ಕೂ ಮೀನಿಗೂ ನಡುವೆ ನಿಂತಿರುವ ಆ ಹಸಿರು ಪ್ಲಾಸ್ಟಿಕ್ ತುಂಡು ನೋಡಿ ‘ಇದನ್ನೂ ತಿನ್ನಬೇಕಾ?’ ಅಂತ ನಗುವವರೇ ಜಾಸ್ತಿ. ಸುಮ್ನೆ ಅಂದಕ್ಕೆ ಇಟ್ಟಿದ್ದಾರೆ ಅಂತ ಬಿಟ್ಟುಬಿಡುತ್ತೇವೆ. ಆದರೆ ಅದು ಅಂದಕ್ಕೆ ಹುಟ್ಟಿದ್ದಲ್ಲ.

ಅಲ್ಲಿ ಮೊದಲು ನಿಜವಾದ ಎಲೆ ಇರುತ್ತಿತ್ತು. ನೆರಳಲ್ಲೂ ಚೆನ್ನಾಗಿ ಬೆಳೆಯುವ ಹರಾನ್ ಗಿಡದ ಉದ್ದನೆಯ ಎಲೆ, ಇಲ್ಲವೇ ಸಾಸಾ ಅನ್ನುವ ಕುಳ್ಳ ಬಿದಿರಿನ ಎಲೆ. ಒಂದರ ರಸ, ವಾಸನೆ ಇನ್ನೊಂದಕ್ಕೆ ಹತ್ತದಂತೆ ಅದು ತಡೆಯುತ್ತಿತ್ತು. ಜತೆಗೆ ಇಂಥ ಎಲೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಕ್ಕಮಟ್ಟಿಗೆ ತಡೆಯುವ ಅಂಶವೂ ಇದೆ, ಫ್ರಿಜ್ ಇಲ್ಲದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ. ನಾರಾದಲ್ಲಿ ಸುಶಿಯನ್ನು ಕಾಕಿ ಹಣ್ಣಿನ ಮರದ ಎಲೆಯಲ್ಲಿ ಸುತ್ತುವುದು, ನೀಗಾತಾದಲ್ಲಿ ಸಿಹಿ ದಾಂಗೊ ಉಂಡೆಯನ್ನು ಸಾಸಾ ಎಲೆಯಲ್ಲಿ ಕಟ್ಟುವುದು, ಸಾಶಿಮಿ ಅನ್ನುವ ಹಸಿ ಮೀನಿನ ಹೋಳುಗಳ ಕೆಳಗೆ ಘಮಘಮಿಸುವ ಶಿಸೊ ಎಲೆ ಹಾಸುವುದು, ಎಲ್ಲದರಲ್ಲೂ ರುಚಿ, ಅಂದ, ಜೋಪಾನ ಒಟ್ಟಿಗೇ ಇವೆ. ಸುಶಿ ಅಡುಗೆಯವರು ಸಾಸಾ ಎಲೆಯನ್ನು ಚಾಕುವಿನಲ್ಲೇ ಕೊಕ್ಕರೆ, ಆಮೆ, ಸೀಗಡಿಯ ಆಕಾರಕ್ಕೆ ಕತ್ತರಿಸುತ್ತಾರೆ. ಅದಕ್ಕೆ ಬೇಕಾದ ಕೈಚಳಕ ಎಂಥದ್ದು ನೋಡಿ!

‘ಬರಾನ್’ ಅಂತ ಕರೆಯುವ ಈಗಿನ ಪ್ಲಾಸ್ಟಿಕ್ ತುಂಡು ಅಡ್ಡಗೋಡೆಯ ಕೆಲಸ ಮಾಡುತ್ತದೆ, ಅಷ್ಟೇ. ಎಲೆಯ ಉಳಿದ ಗುಣ ಅದಕ್ಕಿಲ್ಲ. ತಮಾಷೆ ಅಂದರೆ, ಬೆಂಟೊ ಕೆಡದಿರಲಿ ಅಂತ ಬ್ಯಾಕ್ಟೀರಿಯಾ ತಡೆಯುವ ಪ್ಲಾಸ್ಟಿಕ್ ಹಾಳೆಗಳನ್ನೂ ಅಲ್ಲಿ ಮಾರುತ್ತಾರೆ. ಎಲೆಯನ್ನು ತೆಗೆದುಹಾಕಿ, ಎಲೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಕಾರ್ಖಾನೆಯಲ್ಲಿ ಲೇಪ ಹಚ್ಚುವುದು!

ಎಲೆ ಸಿಗಲ್ಲ ಅನ್ನುವ ಹಾಗೂ ಇಲ್ಲ. ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ ಕಾಮಿಕಾತ್ಸು ಅನ್ನುವ ಗುಡ್ಡಗಾಡಿನ ಪುಟ್ಟ ಊರಿದೆ. 1981ರ ವಿಪರೀತ ಚಳಿಗೆ ಅಲ್ಲಿನ ಕಿತ್ತಳೆ ತೋಟಗಳು ಒಣಗಿಹೋದವು. ಅಲ್ಲಿನ ಕೃಷಿ ಸಹಕಾರ ಸಂಘದಲ್ಲಿದ್ದ ಯೊಕೊಯಿಶಿ ತೊಮೊಜಿ ಅನ್ನುವವರು 1986ರಲ್ಲಿ ಊಟದ ತಟ್ಟೆ ಸಿಂಗರಿಸುವ ಎಲೆಗಳ ವ್ಯಾಪಾರ ಶುರುಮಾಡಿಸಿದರು. ‘ಗುಡ್ಡದ ಸೊಪ್ಪುಸದೆಗೆ ಯಾರು ದುಡ್ಡು ಕೊಡ್ತಾರೆ’ ಅಂತ ಮೊದಮೊದಲು ಯಾರಿಗಾದರೂ ಅನ್ನಿಸುವಂಥದ್ದೇ. ಆದರೆ ಮೇಪಲ್, ನಾಂತೆನ್, ಕಾಕಿ ಎಲೆಗಳನ್ನು ಹೆಚ್ಚಾಗಿ ವಯಸ್ಸಾದ ಹೆಂಗಸರೇ ಕೊಯ್ದು, ಆರಿಸಿ, ಪ್ಯಾಕ್ ಮಾಡಿ ಹೋಟೆಲುಗಳಿಗೆ ಕಳಿಸುತ್ತಾರೆ. ಆರ್ಡರ್ ಏನು ಬಂದಿದೆ ಅಂತ ಕಂಪ್ಯೂಟರ್, ಟ್ಯಾಬ್ಲೆಟ್ಟಿನಲ್ಲಿ ತಾವೇ ನೋಡಿಕೊಳ್ಳುತ್ತಾರೆ. 2003ರಲ್ಲಿ ‘ಶೂನ್ಯ ಕಸ’ದ ಘೋಷಣೆ ಮಾಡಿದ್ದೂ ಇದೇ ಊರು, ಕಸವನ್ನು 40ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುವವರು ಇವರು.

ಇನ್ನು ಕಾನೂನು. 2022ರ ಏಪ್ರಿಲ್‌ನಿಂದ ಜಪಾನಿನಲ್ಲಿ ಪ್ಲಾಸ್ಟಿಕ್ ಕಾಯ್ದೆ ಜಾರಿಯಲ್ಲಿದೆ. ಪುಕ್ಕಟೆ ಕೊಡುವ 12 ವಸ್ತುಗಳನ್ನು ಕಡಿಮೆ ಮಾಡಿ ಅಂತ ಅದು ಹೇಳುತ್ತದೆ: ಚಮಚ, ಫೋರ್ಕ್, ಸ್ಟ್ರಾ, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಹ್ಯಾಂಗರ್ ಇಂಥವು. ಬರಾನ್ ಆ ಪಟ್ಟಿಯಲ್ಲಿಲ್ಲ. ಚಮಚದಿಂದ ಊಟವನ್ನಾದರೂ ಮಾಡಬಹುದು, ಅಲ್ವಾ?

ಡಬ್ಬಿಯೇ ಪ್ಲಾಸ್ಟಿಕ್ ಆಗಿರುವಾಗ ಈ ಚೂರಿನ ಮೇಲೆ ಯಾಕೆ ಸಿಟ್ಟು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 500 ಯೆನ್ನಿನ ಬೆಂಟೊಗೆ ಕೈಯಲ್ಲಿ ಆರಿಸಿದ ಎಲೆ ಇಡಿ ಅಂತ ನಾನೂ ಹೇಳಲ್ಲ, ಅದು ಅವರಿಗೆ ಕಟ್ಟುವುದಿಲ್ಲ. ಅಂಥ ಕಡೆ ಏನೂ ಇಡದಿದ್ದರೂ ನಡೆಯುತ್ತದೆ, ಡಬ್ಬಿಯಲ್ಲೇ ಗುಣಿ ಇರುತ್ತದಲ್ಲ. ಆದರೆ ದುಬಾರಿ ಸುಶಿ ತಟ್ಟೆಯಲ್ಲಿ, ಮದುವೆ ಮುಂಜಿಯ ಊಟದಲ್ಲಿ ನಿಜವಾದ ಎಲೆ ಇಡಲು ಏನು ಕಷ್ಟ?

ಸಾಶಿಮಿಯ ಪಕ್ಕದ ಹಳದಿ ಸೇವಂತಿಗೆಯನ್ನೂ ಬಿಟ್ಟಿಲ್ಲ. ನಿಜವಾದ ಹೂವಾದರೆ ಎಸಳು ಬಿಡಿಸಿ ಸೋಯಾ ಸಾಸಿಗೆ ಉದುರಿಸಿಕೊಂಡು ತಿನ್ನಬಹುದು. ಪ್ಲಾಸ್ಟಿಕ್ ಹೂವನ್ನು ಏನು ಮಾಡಬೇಕು ಅಂತ ಅದನ್ನು ಇಟ್ಟವರೇ ಹೇಳಲಿ.

ಇಂತಿ,
ನಿಮ್ಮ ಓದುಗ