ಕೆಲಸ ಇದೆ, ಹುದ್ದೆ ಇಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನಮ್ಮ ಕಾಲೇಜು ಮೇಷ್ಟ್ರ ಕೆಲಸದ ಮಾತು ತೆಗೆದರೆ ನೀನು "ಇರ್ಲಿ ಬಿಡೋ" ಅಂತ ಮಾತು ಹಾರಿಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಂಥವರು ಇನ್ನೂ ಬಹಳ ಮಂದಿ ಇದ್ದಾರೆ, ಅವರೂ ಓದಲಿ ಅಂತ ನಿನ್ನ ಹೆಸರು ಬಿಟ್ಟು ಇಲ್ಲೇ ಹಾಕಿದ್ದೇನೆ.

ಅರ್ಜಿಯಿಂದ ಎಂಎ, ಪಿಎಚ್‌ಡಿ ಎರಡನ್ನೂ ತೆಗೆದು ಬರೀ ಬಿಎ ಅಂತ ಬರೆದುಕೊಟ್ಟ ಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂದೆ. ಕೆಲಸ ಹಿಡಿದದ್ದು ಒಳ್ಳೆಯದೇ ಆಯಿತು. ಮನೆಯ ಸಾಲ, ತಂಗಿಯ ಮದುವೆ ಯಾವುದೂ ಸರ್ಕಾರದ ಅಧಿಸೂಚನೆಗೆ ಕಾಯುತ್ತ ಕೂರುವುದಿಲ್ಲ. ಆದರೆ ಕೊನೆಗೆ "ಓದಿದ ವರ್ಷಗಳೆಲ್ಲ ದಂಡ" ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಗದಗಿನ ಕಡೆಯ ಆ ಹಳ್ಳಿಯಲ್ಲಿ ನೀನು ಶಾಸನದ ಅಚ್ಚು ತೆಗೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದವನು. ಕಲ್ಲಿನ ಮೇಲೆ ಎಣ್ಣೆ ಜಿಡ್ಡು, ಕುಂಕುಮ ಮೆತ್ತಿಕೊಂಡಿತ್ತು. ನೀರು ಹಾಕಿ, ಬ್ರಷ್‌ನಿಂದ ತಿಕ್ಕಿ, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಯೊಳಗೆ ಕಾಗದ ಇಳಿಯುವ ತನಕ ಮೆಲ್ಲಗೆ ಬಡಿದು, ಆಮೇಲೆ ಮಸಿ ಒತ್ತಿದೆ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಎದ್ದು ಬಂದವು. ಕೆರೆಗೆ ಬಿಟ್ಟ ಮತ್ತರುಗಳ (ಹಳೆಯ ಕಾಲದ ಹೊಲದ ಅಳತೆ) ಲೆಕ್ಕವನ್ನು ನೀನು ಓದಿ ಹೇಳುತ್ತಿದ್ದಾಗ, ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು "ಹಂಗಾರ ಈ ಹೊಲ ಕೆರೀದೇನಪಾ?" ಅಂತ ಕೇಳಿದರು. ದಿನಾ ಆ ಕಲ್ಲಿನ ಮುಂದೆ ಹಾದುಹೋಗುವವರಿಗೆ ಅವರ ಊರಿನ ಕಾಗದಪತ್ರವನ್ನು ಓದಿಕೊಟ್ಟವನು ನೀನು. ಅದನ್ನು ದಂಡ ಅನ್ನಲು ನಿನಗೂ ಹಕ್ಕಿಲ್ಲ.

ನಮ್ಮ ಲೆಕ್ಕ ತಪ್ಪಿದ್ದಲ್ಲ, ಲೆಕ್ಕದ ನಿಯಮವನ್ನೇ ನಡುವೆ ಬದಲಿಸಿದರು. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ, 2021ರಿಂದ ವಿಶ್ವವಿದ್ಯಾಲಯದ ವಿಭಾಗಗಳಿಗೆ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಬೇಕೇ ಬೇಕು ಅಂದರು. ಅದನ್ನು ನಂಬಿ ಎಷ್ಟು ಮಂದಿ ಪ್ರಬಂಧಕ್ಕೆ ಕೂತರು! ಮೊದಲು ಆ ದಿನವನ್ನು ಮುಂದೂಡಿದರು, ಆಮೇಲೆ 2023ರ ಜುಲೈನಲ್ಲಿ ನೆಟ್ ಅಥವಾ ಸೆಟ್ (ಉಪನ್ಯಾಸಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳು) ಆಗಿದ್ದರೆ ಸಾಕು ಅಂದರು. ಇತ್ತ ರಾಜ್ಯದಲ್ಲಿ 2021ರಲ್ಲಿ ಸರ್ಕಾರಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿದರು. ಆಯ್ಕೆಯಾದವರೇ ಆದೇಶಪತ್ರಕ್ಕಾಗಿ ಎಷ್ಟು ಕಾಲ ಕಾದರು ಅನ್ನುವುದು ನಿನಗೆ ಗೊತ್ತು. ಖಾಸಗಿ ಆಡಳಿತ ಮಂಡಳಿಗಳು ಹುದ್ದೆಗೆ ಕೇಳುವ ಡೊನೇಷನ್ ಮಾತು ನಾನು ಎತ್ತುವುದಿಲ್ಲ, ಬಾಯಿ ಹೊಲಸಾಗುತ್ತದೆ.

ಹೈಸ್ಕೂಲಿನಲ್ಲಾದರೂ ಪಾಠ ಮಾಡಬಾರದೇ ಅಂತ ಊರವರು ಕೇಳುತ್ತಾರೆ. ಬಿಎಡ್ ಇಲ್ಲದೆ ಸರ್ಕಾರಿ ಹೈಸ್ಕೂಲಿಗೂ ಇಲ್ಲ, ಪಿಯು ಕಾಲೇಜಿಗೂ ಇಲ್ಲ. ಡಿಗ್ರಿ ತರಗತಿಗೆ ಚಾಲುಕ್ಯರನ್ನು ಪಾಠ ಮಾಡಬಲ್ಲವನು ಎಂಟನೆಯ ತರಗತಿಗೆ ಮಾಡುವಂತಿಲ್ಲ. ಇದನ್ನು ಅವ್ವನಿಗೆ ಹೇಗೆ ತಿಳಿಸಿ ಹೇಳುವುದು?

ಹಾಗಂತ ಕಲಿಸುವ ಕೆಲಸವೇ ಇಲ್ಲವೇ? ಅದು ರಾಶಿ ಬಿದ್ದಿದೆ. ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು, ಅಂದರೆ ಕಾಯಂ ಅಲ್ಲದೆ ಗೌರವಧನಕ್ಕೆ ದುಡಿಯುವವರು, ಪಾಠ ಮಾಡಿದ್ದಾರೆ. ಎಷ್ಟೋ ಕಡೆ ಒಂದು ವಿಭಾಗ ಅಂದರೆ ಒಬ್ಬ ಅತಿಥಿ ಉಪನ್ಯಾಸಕ, ಅಷ್ಟೇ. ಕೆಲಸ ಇದೆ, ಹುದ್ದೆ ಇಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೆ.

ನಾನಿನ್ನೂ ಆ ಸಾಲಿನಲ್ಲೇ ಇದ್ದೇನೆ. 2022ರ ಜನವರಿಯಲ್ಲಿ ಗೌರವಧನ ಏರಿಸಿದ್ದು ನೆನಪಿದೆಯಲ್ಲ? ನೆಟ್, ಪಿಎಚ್‌ಡಿ ಇದ್ದವರಿಗೆ ತಿಂಗಳಿಗೆ 13 ಸಾವಿರ ಇದ್ದದ್ದು 32 ಸಾವಿರದ ತನಕ ಹೋಯಿತು ಅಂತ ಎಲ್ಲರೂ ಖುಷಿಪಟ್ಟರು. ಆದರೆ ಅದರ ಜೊತೆಗೇ ವಾರಕ್ಕೆ 15 ತಾಸು ಕಾರ್ಯಭಾರ, ಅಂದರೆ ಪಾಠದ ಹೊರೆ, ಅಂತ ಬಂತು. ಮೊದಲು ಎಂಟೋ ಹತ್ತೋ ತಾಸು ಹಂಚಿಕೊಂಡಿದ್ದ ಇಬ್ಬರಲ್ಲಿ ಒಬ್ಬರು ಮನೆಗೆ ಹೋದರು. 2023ರ ಕೊನೆಗೆ ನಮ್ಮ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಅಂತ ತರಗತಿ ಬಿಟ್ಟು ಹೋರಾಟಕ್ಕಿಳಿದರು, ಆಮೇಲೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ದುಡ್ಡು ಇನ್ನೊಂದಿಷ್ಟು ಏರಿತು, ಕಾಯಮಾತಿ ಬರಲಿಲ್ಲ. ಯುಜಿಸಿಯೇ 2019ರಲ್ಲಿ ಅತಿಥಿಗಳಿಗೆ ತರಗತಿಗೆ 1,500, ತಿಂಗಳಿಗೆ 50 ಸಾವಿರದ ತನಕ ಕೊಡಬಹುದು ಅಂದಿತ್ತು. ಆ ಕಾಗದ ಎಲ್ಲಿ ಹೋಯಿತೋ. ಇವತ್ತಿಗೂ ವರ್ಗಾವಣೆಯಾಗಿ ಒಬ್ಬ ಕಾಯಂ ಪ್ರಾಧ್ಯಾಪಕ ಬಂದರೆ ನಮ್ಮ ಕಾರ್ಯಭಾರ ಹೋಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಮ್ಮ ಜಾಗ ಕಸಿದುಕೊಂಡವರಲ್ಲ. ನಮಗೆ ಜಾಗವೇ ಕೊಟ್ಟಿಲ್ಲ.

ಇಷ್ಟೆಲ್ಲ ಇದ್ದರೂ ತರಗತಿಯೊಳಗೆ ಹೋದರೆ ನನಗೆ ಜೀವ ಬರುತ್ತದೆ. ಹೊಲದ ಕೆಲಸ ಮುಗಿಸಿ, ಬಸ್ಸು ಹಿಡಿದು ಮೊದಲ ಪೀರಿಯಡ್‌ಗೆ ತಡವಾಗಿ ಬರುವ ಹುಡುಗಿಯೊಬ್ಬಳಿದ್ದಾಳೆ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಮೊನ್ನೆ "ಸರ್, ಪಿಎಚ್‌ಡಿ ಮಾಡಬೇಕಂದ್ರ ಏನ್ ಮಾಡಬೇಕ್ರಿ?" ಅಂತ ಕೇಳಿದಳು. ಮಾಡಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಓದು ಅಂದೆ. ಜೊತೆಗೆ ಬಿಎಡ್ ಕೂಡ ಮಾಡಿಕೋ ಅಂದೆ.

ನಿನ್ನಿಂದ ಎರಡು ಕೆಲಸ ಆಗಬೇಕು. ಒಂದು, ನೀನು ಅತಿಥಿಯಾಗಿ ದುಡಿದ ಕಾಲೇಜಿನಿಂದ ಸೇವಾ ಪ್ರಮಾಣಪತ್ರ ಇಸಿದುಕೊ, ಈಗಿನ ಪ್ರಾಂಶುಪಾಲರಿಗೆ ವರ್ಗವಾಗುವ ಮೊದಲೇ. ಮುಂದೆ ಅರ್ಜಿ ಕರೆದಾಗ ಅದಕ್ಕಾಗಿ ಅಲೆಯುವುದು ಬೇಡ. ಇನ್ನೊಂದು, ನಿನ್ನ ಪ್ರಬಂಧದ ಕೆರೆ ಶಾಸನಗಳ ಅಧ್ಯಾಯವನ್ನು ನನಗೆ ಕಳಿಸು. ಹುಡುಗರನ್ನು ಲಕ್ಕುಂಡಿಗೆ ಕರೆದುಕೊಂಡು ಹೊರಟಿದ್ದೇನೆ, ಹೋಗುವ ಮೊದಲು ಓದಿಸಬೇಕು. ಭಾನುವಾರ ಇಟ್ಟುಕೊಂಡಿದ್ದೇನೆ. ನಿನಗೆ ರಜೆ ಸಿಕ್ಕರೆ ಶನಿವಾರ ರಾತ್ರಿಯ ಗಾಡಿ ಹತ್ತು, ಗದಗ ಸ್ಟೇಷನ್ನಿಗೆ ನಾನು ಬರುತ್ತೇನೆ.

ಅವ್ವನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ