ಭರಣಿ ಮಳೆಗೆ ಮುನ್ನ ಶಾಲೆಗಳ ಅರ್ಥಿಂಗ್ ಅಳೆಸಿ: ಗದಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಗದಗ

ಮಾನ್ಯರೇ,

ನಾನು ನರಗುಂದ ಮತ್ತು ರೋಣ ತಾಲ್ಲೂಕುಗಳಲ್ಲಿ 26 ವರ್ಷಗಳಿಂದ ವೈರಿಂಗ್ ಕೆಲಸ ಮಾಡುತ್ತಿರುವವನು. ಮನೆ, ಗಿರಣಿ, ಪಂಪ್‌ಸೆಟ್, ಗುಡಿ, ಶಾಲೆ ಎನ್ನದೆ ಕರೆದಲ್ಲಿಗೆ ಹೋಗಿದ್ದೇನೆ. ತಮ್ಮ ಕಚೇರಿಗೆ ಇದುವರೆಗೆ ಒಂದು ಅರ್ಜಿಯನ್ನೂ ಬರೆದವನಲ್ಲ. ಈಗ ಬರೆಯುತ್ತಿರುವುದು ಎರಡು ವರ್ಷಗಳ ಹಿಂದೆ ನಾನು ಕಂಡ ಒಂದು ಗೋಡೆಯ ಕಾರಣಕ್ಕೆ.

ಕೃತ್ತಿಕಾ ಮಳೆಯ ದಿನಗಳು. ಊರ ಹೊರಗಿನ ಶಾಲೆಗೆ ರಜೆ ಇತ್ತು. ಹೊಲದಲ್ಲಿ ಹತ್ತಿ ಕಟ್ಟಿಗೆ ಕಿತ್ತು ಮರಳುತ್ತಿದ್ದ ಏಳು ಜನ ಹೆಣ್ಣುಮಕ್ಕಳು ಮಳೆ ಬಂತೆಂದು ಶಾಲೆಯ ಪಡಸಾಲೆಗೆ ಓಡಿ ನಿಂತರು. ಮರದ ಕೆಳಗೆ ನಿಲ್ಲಬಾರದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಶಾಲೆಗೆ ಬಂದರು. ಶಾಲೆಯ ಮೇಲೆ ಸಿಡಿಲಿನ ಕಂಬವೂ ಇತ್ತು. ಸಿಡಿಲು ಆ ಕಂಬಕ್ಕೇ ಬಡಿಯಿತು. ಮೂಲೆಯ ಗೋಡೆಗೆ ಒರಗಿ ನಿಂತಿದ್ದ ಒಬ್ಬಾಕೆ ನಿಂತಲ್ಲೇ ಕುಸಿದರು. ಮುಟ್ಟಿದರೆ ತಮಗೂ ಹೊಡೆಯುತ್ತದೆ ಎಂಬ ಭಯದಲ್ಲಿ ಉಳಿದವರು ದೂರ ನಿಂತರು. ದಾರಿಯಲ್ಲಿ ಬರುತ್ತಿದ್ದ ಕಾಲೇಜಿನ ಹುಡುಗನೊಬ್ಬ ಓಡಿ ಬಂದು ಎದೆ ಒತ್ತದಿದ್ದರೆ ಆಕೆ ಉಳಿಯುತ್ತಿರಲಿಲ್ಲ. ಈಗ ಆಕೆಗೆ ಒಂದು ಕಿವಿ ಕೇಳಿಸುವುದಿಲ್ಲ.

ಮರುದಿನ ಬೆಳಗ್ಗೆ ಸುಟ್ಟ ಸ್ವಿಚ್‌ಬೋರ್ಡ್ ನೋಡಲು ನನ್ನನ್ನು ಕರೆದರು. ಬೋರ್ಡಿಗಿಂತ ಮೊದಲು ನಾನು ಗೋಡೆಯನ್ನು ನೋಡಿದೆ. ಕಂಬದಿಂದ ಇಳಿದ ತಾಮ್ರದ ಪಟ್ಟಿ ಎದೆಮಟ್ಟದವರೆಗೆ ಬಂದು ಅಲ್ಲಿಗೇ ಮುಗಿದಿತ್ತು. ಅದರ ಕೆಳಗಿನ ತುಂಡನ್ನು ಯಾರೋ ಕೊಯ್ದು ಗುಜರಿಗೆ ಹಾಕಿದ್ದರು. ಹಳೆಯ ಗುರುತು ನೋಡಿದರೆ ಅದು ಹೋಗಿ ವರ್ಷಗಳೇ ಆಗಿದ್ದವು. ಮೇಲಿನಿಂದ ಇಳಿದು ಬಂದ ಸಿಡಿಲಿಗೆ ಮುಂದಿನ ದಾರಿ ಇರಲಿಲ್ಲ. ಪಕ್ಕದಲ್ಲಿ ಒರಗಿದ್ದ ಜೀವವೇ ಅದಕ್ಕೆ ದಾರಿಯಾಯಿತು. ಆ ಕಂಬ ಅಲ್ಲಿ ಇರದೇ ಇದ್ದಿದ್ದರೆ ಆಕೆ ನಿಂತ ಜಾಗ ಅಷ್ಟು ಅಪಾಯದ್ದಾಗುತ್ತಿರಲಿಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಂದಿನಿಂದ ಯಾವ ಶಾಲೆಗೆ ಹೋದರೂ ಮೊದಲು ಆ ಪಟ್ಟಿ ನೆಲ ಮುಟ್ಟಿದೆಯೇ ಎಂದು ನೋಡುತ್ತೇನೆ. ಕೆಲವು ಕಡೆ ಪಟ್ಟಿ ಇರುತ್ತದೆ, ಅದನ್ನು ಹಿಡಿದ ಬೋಲ್ಟ್ ತುಕ್ಕು ಹಿಡಿದು ಉದುರಿರುತ್ತದೆ. ಕೆಲವು ಕಡೆ ಅರ್ಥಿಂಗ್ ಗುಂಡಿಯ, ಅಂದರೆ ಸಿಡಿಲನ್ನೋ ಸೋರಿದ ಕರೆಂಟನ್ನೋ ನೆಲಕ್ಕೆ ಇಳಿಸಲು ಪೈಪ್ ಹೂತ ಗುಂಡಿಯ ಮೇಲೆ ಸಿಮೆಂಟ್ ಹಾಸಿ ಬಿಟ್ಟಿರುತ್ತಾರೆ, ಗುಂಡಿ ಎಲ್ಲಿದೆ ಎಂದು ತೋರಿಸುವವರೂ ಇರುವುದಿಲ್ಲ. ಆದರೆ ಪಟ್ಟಿ, ಬೋಲ್ಟ್, ಗುಂಡಿ ಎಲ್ಲವೂ ಸರಿಯಾಗಿ ಕಾಣುವ ಶಾಲೆಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಕಾರಣ ನಮ್ಮ ನೆಲ.

ತಾವು ಈ ಜಿಲ್ಲೆಯ ಎರೆ ಭೂಮಿಯನ್ನು ಬೇಸಿಗೆಯಲ್ಲಿ ನೋಡಿರುತ್ತೀರಿ. ನೀರು ಕುಡಿದಾಗ ಉಬ್ಬುವ ಈ ಮಣ್ಣು ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಬಿದ್ದ ಬಿರುಕಿನಲ್ಲಿ ಬಾರುಕೋಲು ಇಳಿಬಿಟ್ಟರೆ ತಳ ಸಿಗುವುದಿಲ್ಲ. ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆಯ ಅರ್ಥಿಂಗ್ ಮಣ್ಣು ಬೇರೆ ಇಲ್ಲ. ಹಸಿ ಎರೆಯಲ್ಲಿ ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹೂತರೆ ಕರೆಂಟಿಗೆ ನೆಲ ಒಡ್ಡುವ ತಡೆ ಮೂರು ನಾಲ್ಕು ಓಮ್‌ಗೆ ಇಳಿಯುತ್ತದೆ. ಓಮ್ ಕಡಿಮೆಯಿದ್ದಷ್ಟೂ ಒಳ್ಳೆಯದು. ಅದೇ ಮಣ್ಣು ಬೇಸಿಗೆಯಲ್ಲಿ ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಉಳಿಯುವುದು ಗಾಳಿ. ನಾನೇ ಹೂತ ಒಂದು ಪೈಪನ್ನು ಆಗಸ್ಟ್‌ನಲ್ಲಿ ಅಳೆದಾಗ 4 ಓಮ್ ಇತ್ತು, ಮುಂದಿನ ಏಪ್ರಿಲ್‌ನಲ್ಲಿ 38 ಓಮ್ ತೋರಿಸಿತು. ನನ್ನ ಮೀಟರ್ ಕೆಟ್ಟಿದೆ ಎಂದುಕೊಂಡು ಬೇರೆಯವರ ಮೀಟರ್ ತಂದು ಮತ್ತೆ ಅಳೆದೆ. ಅದೂ ಹಾಗೆಯೇ ತೋರಿಸಿತು.

ಸಿಡಿಲಿನ ವ್ಯವಸ್ಥೆಗೆ 10 ಓಮ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂಬುದು ಎಲ್ಲರೂ ಒಪ್ಪಿದ ಅಳತೆ. ನಮ್ಮಲ್ಲಿ ಸಿಡಿಲು ಜೋರಾಗಿರುವುದು ಯಾವಾಗ? ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳಲ್ಲಿ, ಎಂದರೆ ನೆಲ ಬಿರಿದು ಬಾಯಿಬಿಟ್ಟಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಹಿರಿಯರು ಆ ಮಳೆಯನ್ನು ಕಾದು ಕೂರುತ್ತಿದ್ದರು. ಅದೇ ಮಳೆಯ ಮೊದಲ ಸಿಡಿಲು ಬೀಳುವ ಹೊತ್ತಿಗೆ ನಮ್ಮ ಅರ್ಥಿಂಗ್ ವರ್ಷದಲ್ಲೇ ಅತ್ಯಂತ ದುರ್ಬಲವಾಗಿರುತ್ತದೆ. ಅಳತೆ ಮಾತ್ರ ಕಾಮಗಾರಿ ಮುಗಿದ ದಿನ, ಹೆಚ್ಚಾಗಿ ಮಳೆಗಾಲದಲ್ಲಿ, ಒಮ್ಮೆ ಆಗುತ್ತದೆ. ತಪಾಸಣೆಯ ದಿನ ಬೆಳಗ್ಗೆ ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಓಮ್ ಇಳಿಸಿ ತೋರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1956ರ ಭಾರತೀಯ ವಿದ್ಯುತ್ ನಿಯಮಗಳನ್ನು ಬರೆದವರು ಇದನ್ನು ಆಗಲೇ ಅರಿತಿದ್ದರು. ವಿದ್ಯುತ್ ಪೂರೈಸುವವರು ತಮ್ಮ ಅರ್ಥಿಂಗ್ ಅನ್ನು ಎರಡು ವರ್ಷಕ್ಕೊಮ್ಮೆಯಾದರೂ, ಒಣ ಹವೆಯ ಕಾಲದಲ್ಲಿ, ಒಣ ದಿನದಂದು ಅಳೆಯಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಈ 38 ಓಮ್ ಎಂದರೆ ಏನು ಎಂಬುದನ್ನು ಸಿಡಿಲು ಬಿಟ್ಟು ದಿನನಿತ್ಯದ ಕರೆಂಟಿನಲ್ಲೂ ಹೇಳಬೇಕು. ಶಾಲೆಯ ಬೋರ್‌ವೆಲ್ ಮೋಟರಿನ ಕಬ್ಬಿಣದ ಮೈಗೆ ಒಳಗಿನ ತಂತಿ ತಾಗಿತು ಎಂದುಕೊಳ್ಳಿ. 230 ವೋಲ್ಟ್ ಅನ್ನು 38ರಿಂದ ಭಾಗಿಸಿದರೆ ಹರಿಯುವುದು 6 ಆಂಪಿಯರ್. 16 ಆಂಪಿಯರ್ ಫ್ಯೂಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಫ್ಯೂಸ್ ಹೋಗುವುದಿಲ್ಲ, ಮೋಟರ್ ತಿರುಗುತ್ತಲೇ ಇರುತ್ತದೆ, ಅದರ ಮೈಯಲ್ಲಿ ದಿನವಿಡೀ ಕರೆಂಟ್ ನಿಂತಿರುತ್ತದೆ. ನೀರು ಹಿಡಿಯಲು ಬಂದ ಮಗು ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತದೆ. ಹೊಲಗಳಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿ ಸತ್ತ ರೈತರಲ್ಲಿ ಎಷ್ಟು ಜನ ಹೀಗೆ ಸತ್ತರೋ! 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಇದ್ದರೆ ಇಂಥ ಸೋರಿಕೆಯನ್ನು ಕ್ಷಣದೊಳಗೆ ಕಡಿದುಹಾಕುತ್ತದೆ. ಪ್ರತಿ ಶಾಲೆಯ ಮುಖ್ಯ ಬೋರ್ಡಿನಲ್ಲಿ ಅದು ಇರಲೇಬೇಕು ಎಂಬುದು ನನ್ನ ಮೊದಲ ಬೇಡಿಕೆ, ಸಿಡಿಲಿನ ಕಂಬಕ್ಕಿಂತಲೂ ಮೊದಲು.

ಸಿಡಿಲಿನ ಲೆಕ್ಕ ಇನ್ನೂ ಭಯಂಕರ. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಒಳ್ಳೆಯದು ಎನ್ನುವ 10 ಓಮ್ ಅರ್ಥಿಂಗ್‌ನಲ್ಲೂ ಆ ಕ್ಷಣಕ್ಕೆ ಪಟ್ಟಿಯ ಮೇಲೆ 3 ಲಕ್ಷ ವೋಲ್ಟ್ ಏರುತ್ತದೆ. ಆದ್ದರಿಂದ ಓಮ್ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಟ್ಟಡದ ಕಬ್ಬಿಣವೆಲ್ಲ, ಅಂದರೆ ಕಿಟಕಿಯ ಸರಳು, ನೀರಿನ ಪೈಪ್, ಬಿಸಿಯೂಟದ ಕೋಣೆಯ ತಗಡು, ವಿದ್ಯುತ್ತಿನ ಅರ್ಥ್ ತಂತಿ ಎಲ್ಲವೂ ಒಂದಕ್ಕೊಂದು ಕೂಡಿರಬೇಕು. ಆಗ ಏರಿದರೆ ಎಲ್ಲವೂ ಒಟ್ಟಿಗೆ ಏರುತ್ತವೆ, ಒಂದರಿಂದ ಇನ್ನೊಂದಕ್ಕೆ ಕಿಡಿ ಹಾರುವುದಿಲ್ಲ. ಸಿಡಿಲಿನ ಅರ್ಥಿಂಗ್ ಬೇರೆ, ಕರೆಂಟಿನ ಅರ್ಥಿಂಗ್ ಬೇರೆ ಇರಬೇಕು, ಎರಡೂ ಕೂಡಬಾರದು ಎಂದು ನನಗೆ ಕಲಿಸಿದವರು ಹೇಳಿದ್ದರು. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಅದು ತಪ್ಪು. ಸಿಡಿಲಿನ ರಕ್ಷಣೆಗೆ ನಮ್ಮ ದೇಶ ಒಪ್ಪಿರುವ ಐಎಸ್/ಐಇಸಿ 62305 ಮಾನದಂಡ ಎರಡನ್ನೂ ಕೂಡಿಸಿ ಎನ್ನುತ್ತದೆ. ನಾನು ಬೇರೆ ಬೇರೆ ಬಿಟ್ಟಿದ್ದ ಕೆಲವು ಕಡೆ ಮತ್ತೆ ಹೋಗಿ ಕೂಡಿಸಿ ಬಂದಿದ್ದೇನೆ, ಇನ್ನೂ ಕೆಲವು ಉಳಿದಿವೆ.

ನೆಲದ ಮೇಲೆ ಈ ವೋಲ್ಟ್ ಹರಡುವುದರಿಂದಲೇ ಕುರಿ, ಎತ್ತುಗಳು ಹಿಂಡು ಹಿಂಡಾಗಿ ಸಾಯುವುದು. ಸಿಡಿಲು ಅವುಗಳ ಮೇಲೆ ಬೀಳಬೇಕಾಗಿಲ್ಲ. ಪಕ್ಕದ ಬೇವಿನ ಮರಕ್ಕೆ ಬಿದ್ದರೂ ಮುಂಗಾಲಿಗೂ ಹಿಂಗಾಲಿಗೂ ನಡುವೆ ಇರುವ ವೋಲ್ಟ್ ವ್ಯತ್ಯಾಸದಿಂದ ಕರೆಂಟ್ ಎದೆಯ ಮೂಲಕವೇ ಹಾಯುತ್ತದೆ. ಹೊಲದಲ್ಲಿ ಸಿಕ್ಕಿಬಿದ್ದವರಿಗೆ ಕಾಲು ಕೂಡಿಸಿ ಕುಕ್ಕುರುಗಾಲಲ್ಲಿ ಕೂರಿ ಎನ್ನುವುದು ಇದೇ ಕಾರಣಕ್ಕೆ.

ಈಗ ಇನ್ನೊಂದು ಮಾತು. ಇದನ್ನು ತಾವು ಗಮನವಿಟ್ಟು ಓದಬೇಕು. ಗ್ರಾಮ ಪಂಚಾಯಿತಿಗಳಿಗೆ ಬಣ್ಣದ ಪುಸ್ತಿಕೆ ಹಿಡಿದು ಬರುವ ಮಾರಾಟಗಾರರನ್ನು ನಾನು ಕಂಡಿದ್ದೇನೆ. ತಮ್ಮ ಒಂದೇ ಕಂಬ ಸುತ್ತ 100 ಮೀಟರ್‌ವರೆಗೆ ಸಿಡಿಲು ಬೀಳದಂತೆ ಕಾಯುತ್ತದೆ, ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿ ಎಲ್ಲಕ್ಕೂ ಒಂದು ಸಾಕು ಎನ್ನುತ್ತಾರೆ. ಸಿಡಿಲನ್ನು ಮೊದಲೇ ಸೆಳೆದುಕೊಳ್ಳುತ್ತವೆ ಎಂದು ಇಎಸ್‌ಇ ಎಂಬ ಹೆಸರಿನಲ್ಲಿ ಮಾರುವ ಈ ಕಂಬಗಳ ದೊಡ್ಡ ವ್ಯಾಪ್ತಿಯನ್ನು ನಮ್ಮ ಮಾನದಂಡ ಒಪ್ಪುವುದಿಲ್ಲ. ಕಂಬದ ರಕ್ಷಣೆಯನ್ನು ಅದರ ನಿಜವಾದ ಉದ್ದ ಎತ್ತರಗಳಿಂದಲೇ ಲೆಕ್ಕ ಹಾಕಬೇಕು ಎನ್ನುತ್ತದೆ. 60 ಮೀಟರ್ ತ್ರಿಜ್ಯದ ದೊಡ್ಡ ಚೆಂಡೊಂದನ್ನು ಕಟ್ಟಡದ ಮೇಲೆ ಉರುಳಿಸಿದಂತೆ ಊಹಿಸಿ, ಚೆಂಡು ಎಲ್ಲಿ ಕಟ್ಟಡವನ್ನು ಮುಟ್ಟುತ್ತದೆಯೋ ಅಲ್ಲಿ ಸಿಡಿಲು ಬೀಳಬಹುದು ಎಂದು ಗುರುತಿಸುವುದು ಅದರ ವಿಧಾನ. ಹೆಚ್ಚಿನ ರಕ್ಷಣೆ ಬೇಕಾದ ಕಡೆ ಚೆಂಡು 45, 30, 20 ಮೀಟರ್‌ಗೆ ಇಳಿಯುತ್ತದೆ. ಶಾಲೆಯ ಉದ್ದದ ಚಾವಣಿಗೆ ಒಂದು ಕಂಬ ಸಾಲದು ಎಂದು ಆಗ ತಾನೇ ಗೊತ್ತಾಗುತ್ತದೆ. ಸಾರ್ವಜನಿಕರ ಹಣ ಆ ಪುಸ್ತಿಕೆಗಳ ಪಾಲಾಗದಂತೆ ದಯವಿಟ್ಟು ನೋಡಿಕೊಳ್ಳಿ. ಬೆಂಜಮಿನ್ ಫ್ರಾಂಕ್ಲಿನ್ ಕಾಲದ ಸಾದಾ ಸಲಾಕೆ, ಜಿಐ ಪಟ್ಟಿ ಮತ್ತು ಆಳವಾದ ಗುಂಡಿ ನಮಗೆ ಸಾಕು.

ನಮ್ಮ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿ. ಅಂಥ ಯಂತ್ರಗಳ ರೆಕ್ಕೆಯ ತುದಿಯಲ್ಲಿ ಸಿಡಿಲು ಹಿಡಿಯಲು ಲೋಹದ ಬಿಲ್ಲೆ ಇರುತ್ತದೆ, ರೆಕ್ಕೆಯೊಳಗಿನಿಂದ ಬುಡದವರೆಗೆ ವಾಹಕ ಇಳಿದಿರುತ್ತದೆ. ಯಂತ್ರಕ್ಕೆ ಸಿಕ್ಕಿರುವ ಕಾಳಜಿ ಮಕ್ಕಳಿಗೂ ಸಿಗಲಿ ಎಂದು ಕೇಳುತ್ತಿದ್ದೇನೆ.

ಮಾನ್ಯರೇ, ತಾವು ಒಂದು ಆದೇಶ ಹೊರಡಿಸಬೇಕು. ಮಾರ್ಚ್ ಕೊನೆಯಿಂದ ಭರಣಿ ಮಳೆ ಹುಟ್ಟುವ ಏಪ್ರಿಲ್ ಕೊನೆಯ ವಾರದೊಳಗೆ ಜಿಲ್ಲೆಯ ಪ್ರತಿ ಸರ್ಕಾರಿ ಶಾಲೆ, ಅಂಗನವಾಡಿ, ವಸತಿನಿಲಯಗಳ ಅರ್ಥಿಂಗ್ ಅಳೆಯಬೇಕು. ಗುಂಡಿಗೆ ನೀರು ಸುರಿಯದೆ ಅಳೆಯಬೇಕು. ಬಂದ ಓಮ್ ಎಷ್ಟು, ಯಾವ ದಿನ ಅಳೆದದ್ದು ಎಂಬುದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಬೇಕು. ಕಡತದಲ್ಲಿ ಕುಳಿತ ಅಂಕಿಯನ್ನು ಯಾರೂ ನೋಡುವುದಿಲ್ಲ. ಗೋಡೆಯ ಮೇಲಿನದನ್ನು ಊರೇ ನೋಡುತ್ತದೆ. ತಾಮ್ರ ಕದ್ದುಹೋದ ಕಡೆ ಮತ್ತೆ ತಾಮ್ರ ಹಾಕುವುದು ಬೇಡ. ಜಿಐ ಪಟ್ಟಿಯನ್ನು ಕಟ್ಟಡದ ಎರಡು ಬದಿಯಲ್ಲಾದರೂ ಇಳಿಸಿ, ಆಳೆತ್ತರದವರೆಗೆ ಗಟ್ಟಿ ಪಿವಿಸಿ ಕೊಳವೆಯೊಳಗೆ ಮುಚ್ಚಿದರೆ ಕಳ್ಳರಿಗೂ ಆಸೆ ಹುಟ್ಟುವುದಿಲ್ಲ, ಒರಗಿ ನಿಲ್ಲುವವರಿಗೂ ಅಪಾಯ ತಗ್ಗುತ್ತದೆ. ಎರೆ ಭೂಮಿಯಲ್ಲಿ ಪೈಪ್ ಬಿರುಕಿನ ಆಳವನ್ನು ದಾಟಿ, ಬೇಸಿಗೆಯಲ್ಲೂ ತಂಪು ಉಳಿಯುವ ಮಣ್ಣಿಗೆ ಇಳಿಯಬೇಕು. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಅರ್ಧ ಮೀಟರಿಗಿಂತ ಆಳದಲ್ಲಿ ಕಟ್ಟಡದ ಸುತ್ತ ಪಟ್ಟಿಯ ಉಂಗುರ ಹೂತರೆ ಇನ್ನೂ ಒಳ್ಳೆಯದು. ಉಪ್ಪು ಸುರಿದು ಓಮ್ ಇಳಿಸುವ ಹಳೆಯ ರೂಢಿ ಪೈಪನ್ನೇ ತಿಂದುಹಾಕುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಮತ್ತು ಗರಸು ನೆಲದ ಕಥೆ ಬೇರೆ, ಅಲ್ಲಿ ವರ್ಷವಿಡೀ ಓಮ್ ಹೆಚ್ಚು. ಉಂಗುರವೇ ಅಲ್ಲಿಗೆ ಉಪಾಯ. ಹೊಸ ಕೊಠಡಿಗಳಲ್ಲಿ ಅಡಿಪಾಯ ಹಾಕುವಾಗಲೇ ಕಟ್ಟಡದ ಕಾಂಕ್ರೀಟ್ ಕಂಬಗಳ ಸರಳುಗಳನ್ನು ಬೆಸುಗೆ ಹಾಕಿ ಕೂಡಿಸಿದರೆ ಆ ಕಬ್ಬಿಣವೇ ವಾಹಕವಾಗುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಆ ಅವಕಾಶ ಮತ್ತೆ ಸಿಗುವುದಿಲ್ಲ.

ಹಣದ ಮಾತು ಬರುತ್ತದೆ ಎಂದು ಬಲ್ಲೆ. ಸಿಡಿಲಿಗೆ ಸತ್ತವರ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಕೊಡಲೇಬೇಕು. ಆದರೆ 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ಹಣದಲ್ಲಿ 100ಕ್ಕೆ 20 ಪಾಲನ್ನು ಅನಾಹುತ ಆಗುವ ಮೊದಲೇ ತಗ್ಗಿಸುವ ಕೆಲಸಕ್ಕೆಂದು ತೆಗೆದಿಟ್ಟಿತು. ಆಯೋಗದ ಆ ಯೋಚನೆ ಇಂಥ ಕೆಲಸಕ್ಕೇ ಹೇಳಿ ಮಾಡಿಸಿದ್ದು. 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಸತ್ತರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ.

ದಾಮಿನಿ, ಸಿಡಿಲು ಎಂಬ ಮೊಬೈಲ್ ಆ್ಯಪ್‌ಗಳು ಒಳ್ಳೆಯವು. ಕುರಿ ದಡ್ಡಿಯಲ್ಲಿ ಗುಂಡಿ ಒತ್ತುವ ಫೋನ್ ಇಟ್ಟುಕೊಂಡವನಿಗೆ ಮಾತ್ರ ಅವು ತಲುಪುವುದಿಲ್ಲ. ಮುನ್ನೆಚ್ಚರಿಕೆ ಬಂದಾಗ ಗುಡಿಯ ಮೈಕಿನಲ್ಲಿ ಹೇಳಿಸಿ. ಹಾಗೆಯೇ ಇನ್ನೊಂದು ಮಾತನ್ನೂ ಹೇಳಿಸಿ: ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ, ಅವರನ್ನು ತಕ್ಷಣ ಮುಟ್ಟಬಹುದು, ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಬೇಕು. ತಂತಿಗೆ ಅಂಟಿಕೊಂಡವರನ್ನು ಮಾತ್ರ ಲೈನ್ ತೆಗೆಸದೆ ಮುಟ್ಟಬಾರದು. ಅಂದು ಆ ಪಡಸಾಲೆಯಲ್ಲಿ ಆರು ಜನರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಏಪ್ರಿಲ್ ಮೊದಲ ಎರಡು ವಾರ ನಾನು ಬೇರೆ ಕೆಲಸ ಹಿಡಿಯುವುದಿಲ್ಲ. ಅರ್ಥ್ ಟೆಸ್ಟರ್ ನನ್ನದೇ ಇದೆ. ನರಗುಂದ ತಾಲ್ಲೂಕಿನಲ್ಲಿ ತಾವು ಸೂಚಿಸುವ ಶಾಲೆಗಳನ್ನು ಕೂಲಿ ಪಡೆಯದೆ ಅಳೆದು ಕೊಡುತ್ತೇನೆ. ಗುಂಡಿಗೆ ನೀರು ಹಾಕಿಸಬೇಡಿ ಎಂದು ಮುಖ್ಯೋಪಾಧ್ಯಾಯರಿಗೆ ಮೊದಲೇ ಒಂದು ಮಾತು ತಿಳಿಸಿರಿ.

ಇಂತಿ,
ನರಗುಂದ ತಾಲ್ಲೂಕಿನ ಒಬ್ಬ ವೈರ್‌ಮನ್